ಮನುಷ್ಯ ಒಳಗ ಹೋದ

ಜೀನ್ಸ್ ಪ್ಯಾಂಟಿನ ಹಿಂದೆ ಎರಡು ಜೇಬಿರುತ್ತವೆ. ಎಡ ಜೇಬಿನ ಮೇಲೆ ಒಂದು ರೆಕ್ಕೆ ಇದ್ದರೆ ಬಲ ಜೇಬಿನ ಮೇಲೆ ಅದರ ಜೋಡಿ, ಕನ್ನಡಿಯಲ್ಲಿ ಕಂಡ ಹಾಗೆ, ಎದುರುಬದುರು. ಇದಕ್ಕೆ ಎರಡು ಚಿತ್ರ ಬರೆಯಬೇಕಾಗಿಲ್ಲ. ತೆಳು ಹಾಳೆಯ ಮೇಲೆ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕಿದರೆ ಅದು ಖಾಕಾ. ಖಾಕಾವನ್ನು ಜೇಬಿನ ತುಂಡಿನ ಮೇಲೆ ಇಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಉಜ್ಜಿದರೆ ತೂತುಗಳ ಮೂಲಕ ಚುಕ್ಕಿ ಇಳಿದು ಡಿಸೈನ್ ಮೂಡುತ್ತದೆ. ಎಡ ಜೇಬುಗಳು ಮುಗಿದ ಮೇಲೆ ಅದೇ ಹಾಳೆಯನ್ನು ಮಗುಚಿ ಹಾಕಿ ಉಜ್ಜಿದರೆ ಬಲ ಜೇಬು. ರಾಯದುರ್ಗದಲ್ಲಿ ಈ ಕೆಲಸ ಮಾಡುವ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ‘ಎಡ ಆಯ್ತು, ಮುಂದೇನು?’ ಅಂತ ಕೇಳಿ. ಕಣ್ಣು ಬಿಡದೆ ‘ಖಾಕಾ ತಿರುವು’ ಅಂತಾರೆ.

ನಾನೂ ಅದನ್ನೇ ಹೇಳಿದೆ. ನಾನು ಪೂರ್ತಿ ಎಚ್ಚರವಾಗಿದ್ದೆ, ಅಷ್ಟೇ ವ್ಯತ್ಯಾಸ.

ನಾವು ಮಡಕಶಿರದ ಕಡೆಯವರು. ಹೇಮಾವತಿಗೆ ಹತ್ತಿರ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಒಂದಿಷ್ಟು ರಾಗಿ. ಚಿಕ್ಕಮ್ಮ, ಅಂದರೆ ನಮ್ಮಮ್ಮನ ತಂಗಿ, ನನಗಿಂತ ಎಷ್ಟೋ ವರ್ಷ ಮೊದಲೇ ರಾಯದುರ್ಗಕ್ಕೆ ಬಂದಿದ್ದಳು. ಗಂಡ ಯಾಕೆ ಜೊತೆಗಿಲ್ಲ ಅನ್ನೋದು ಅವಳ ಕಥೆ, ಅವಳೇ ಹೇಳಬೇಕು. ಜಿಗ್‌ಜಾಗ್ ಮಿಷಿನ್ನಿನ ಮೇಲೆ ಕಸೂತಿ ಹಾಕೋದು ಅವಳ ಕೆಲಸ. ಮಂಡಿಯಿಂದ ಸಲಾಕೆ ಒತ್ತಿದರೆ ಹೊಲಿಗೆ ಅಗಲ, ಬಿಟ್ಟರೆ ಸಣ್ಣ. ಮಂಡಿಯಲ್ಲೇ ನವಿಲು ಬಿಡಿಸುತ್ತಿದ್ದಳು. ಓದು ಬರಹ ಇಲ್ಲ. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು. ಯಾರಾದರೂ ಹೆಸರು ಬರೆದುಕೊಟ್ಟರೆ ಮಾತ್ರ ಕನ್ನಡವಾಗಲಿ ತೆಲುಗಾಗಲಿ ಬಳ್ಳಿಯ ಹಾಗೆ ಹೊಲಿದುಕೊಡುತ್ತಿದ್ದಳು.

ನಾನು ಡಿಗ್ರಿ ಮುಗಿಸಿ, ಮುಂದೇನು ಅಂತ ತೋಚದೆ ಅವಳ ಹಿಂದೆ ಬಂದವಳು. ಖಾಕಾ ಉಜ್ಜೋದು, ಆದ ಕೆಲಸ ಚೆಕ್ ಮಾಡೋದು ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮೂರು ನಿಮಿಷ, ಆಮೇಲೆ ಗಂಟೆ. ನಮಗೆ ಹೇಳಿಕೊಟ್ಟ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ‘ನಿನ್ನ ನಂಬಿಕೆ ಮನೇಲಿಟ್ಟು ಬಾ.’ ನಾನು ಅದನ್ನು ಎಷ್ಟು ಚೆನ್ನಾಗಿ ಕಲಿತೆ ಅಂದರೆ, ಮನೆಯಲ್ಲಿ ಹುಡುಕಿದರೂ ನಂಬಿಕೆ ಸಿಗುತ್ತಿರಲಿಲ್ಲ. ದೇವರು, ಜಾತಕ, ಹಲ್ಲಿ ಶಕುನ, ಇಲ್ಲಿಗೆ ಬಂದ ಮೇಲೆ ಪ್ಯಾಟರ್ನ್ ಮಾಸ್ಟರ ಮಾತು, ಎಲ್ಲಕ್ಕೂ ನನ್ನ ಹತ್ತಿರ ಖಂಡನೆ ಸಿದ್ಧ ಇತ್ತು.

ಆ ವರ್ಷ ಶ್ರಾವಣಕ್ಕೆ ಸ್ವಲ್ಪ ಮುಂಚೆ ಸಾವ್ಕಾರ್ರು, ಅಂದರೆ ನಮ್ಮ ಯೂನಿಟ್ಟಿನ ಮಾಲೀಕರು, ಕಸೂತಿ ಹೆಂಗಸರು ಆರೂ ಜನರನ್ನು ಕರೆದು ಹೇಳಿದರು: ಕಂಪ್ಯೂಟರ್ ಮಿಷಿನ್ ಬರುತ್ತೈತಿ. ಆರು ಜನದ ಕೆಲಸ ಅದೇ ಮಾಡ್ತೈತಿ. ಸ್ಯಾಂಪಲ್ ತೆಗೆಯೋಕೆ, ಕೆಟ್ಟದ್ದನ್ನು ಕೈಯಿಂದ ಸರಿ ಮಾಡೋಕೆ ಒಬ್ಬರು ಸಾಕು. ಉಳಿದವರು ದಾರ ಕತ್ತರಿಸೋ ಶೆಡ್ಡಿಗೆ ಹೋಗಬೇಕು, ಇಲ್ಲದಿದ್ದರೆ ತಮ್ಮ ತಮ್ಮ ದಾರಿ.

ಒಂದು ಸೀಟು. ಕೈಯಲ್ಲಿ ಆ ಮಟ್ಟದ ಕೆಲಸ ಇದ್ದವರು ಇಬ್ಬರು: ಚಿಕ್ಕಮ್ಮ, ಮತ್ತೆ ಪಕ್ಕದ ಮಿಷಿನ್ನಿನ ಅಕ್ಕ. ಆ ಅಕ್ಕ ರಾಯದುರ್ಗದವಳೇ, ಮೂರು ತಲೆಮಾರಿನಿಂದ. ನಮ್ಮ ‘ಐತೆ, ಅವ್ನೆ’ ಕೇಳಿ ‘ಏನ್ರವ್ವಾ, ನಿಮ್ಮ ಮಾತು ಕೇಳಿದ್ರ ಸಿರಾ ಸಂತಿಯಾಗ ನಿಂತಂಗ ಆಗತೈತಿ’ ಅಂತ ಕಾಡಿಸುತ್ತಿದ್ದವಳು. ದಾರ ಕತ್ತರಿಸೋ ಶೆಡ್ಡು ಅಂದರೆ ಏನು ಅಂತ ಚಿಕ್ಕಮ್ಮನಿಗೆ ಗೊತ್ತಿತ್ತು. ಅಲ್ಲಿ ಯಾರ ಕೈ ಯಾರದು ಅಂತ ಗುರುತಿಸೋದಿಲ್ಲ. ಊರಿಗೆ ವಾಪಸ್ ಅಂದರೆ ಅಣ್ಣನ ಮನೆ, ಅತ್ತಿಗೆಯ ಒಲೆ. ಅವಳು ನನಗೆ ಹೇಳಿದ್ದು ಇಷ್ಟೇ: ‘ಆ ಸೀಟು ನಂಗೆ ಬೇಕು ಕಣೆ. ಇನ್ನೇನೂ ಬೇಡ.’

ಪರೀಕ್ಷೆಗೆ ಅಂತಲೇ ಬಂದ ಹಾಗೆ ಬಳ್ಳಾರಿಯ ವ್ಯಾಪಾರಿಯಿಂದ ಒಂದು ಆರ್ಡರ್ ಬಂತು. ಮೊದಲು ನಲವತ್ತು ಪ್ಯಾಂಟು, ಹಿಡಿಸಿದರೆ ಮುಂದೆ. ಮಾದರಿ ಅಂತ ಒಂದೇ ಒಂದು ಎಡ ಜೇಬು ಕಳಿಸಿದ್ದರು. ಅದರ ಮೇಲೆ ಕೆಂಪು ದಾರದಲ್ಲಿ ಒಂದು ಚೀನಾ ಅಕ್ಷರ:

人

ಜೊತೆಗೆ ಚೀಟಿ: ‘ಎರಡೂ ಜೇಬಿಗೆ.’ ಅಷ್ಟೇ. ಸಾವ್ಕಾರ್ರು ಜೇಬನ್ನು ಚಿಕ್ಕಮ್ಮನ ಮಿಷಿನ್ನಿನ ಮೇಲೆ ಇಟ್ಟು, ‘ಇದು ನೀ ಮಾಡವ್ವ. ನೋಡೋಣ’ ಅಂದರು. ಆ ‘ನೋಡೋಣ’ ಏನು ಅಂತ ಆರೂ ಜನಕ್ಕೆ ಗೊತ್ತಾಯಿತು. ಪಕ್ಕದ ಅಕ್ಕ ದಾರ ಪೋಣಿಸುತ್ತಿದ್ದವಳು ಕಣ್ಣೆತ್ತಲಿಲ್ಲ.

ಶುಕ್ರವಾರ ಎಡ ಜೇಬು ನಲವತ್ತೂ ಮುಗಿದವು. ಶನಿವಾರ ಬೆಳಿಗ್ಗೆ ನಾನು ಖಾಕಾ ತಿರುವಿ ಇನ್ನೇನು ಉಜ್ಜಬೇಕು, ಕರೆಂಟು ಹೋಯಿತು. ಖಾಕಾ ವಿಷಯದಲ್ಲಿ ಕೊನೆಯ ಮಾತು ನಮ್ಮ ಪ್ಯಾಟರ್ನ್ ಮಾಸ್ಟರದು. ಆದರೆ ಅದು ಶ್ರಾವಣ ಶನಿವಾರ. ಮಾಸ್ಟರು ನೇಮಕಲ್ಲಿಗೆ, ಆಂಜನೇಯನ ಹತ್ತಿರ ಹೋಗಿದ್ದರು.

ಚಿಕ್ಕಮ್ಮ ನನ್ನ ಕೈ ಹಿಡಿದಳು.

‘ಅಮ್ಮಿ, ಇದು ಅಕ್ಷರ ಅಲ್ವೇನೆ?’

‘ಹೂಂ, ಚೀನಾದೋರ ಅಕ್ಷರ.’

‘ಅಕ್ಷರಾನ ಮಗುಚಿ ಹಾಕ್ಬೋದಾ?’

ನನಗೆ ಚರ್ಚೆಯ ಚೀಟಿ ಸಿಕ್ಕಂತಾಯಿತು. ಮಿಷಿನ್ನುಗಳು ನಿಂತಿದ್ದವು. ಕೇಳೋಕೆ ಐದು ಜನ ಹೆಂಗಸರು, ಕತ್ತರಿ ಹಿಡಿದ ಕೈ ಮಡಿಲಲ್ಲಿಟ್ಟು ಕೂತಿದ್ದರು.

‘ಚಿಕ್ಕಮ್ಮ, ಅಕ್ಷರ ಅಂದ್ರೆ ಏನು? ಅದಕ್ಕೊಂದು ಉಚ್ಚಾರ ಇರ್ಬೇಕು. ಇದನ್ನ ಏನಂತ ಕರೀತಾರೆ, ನಿಂಗೆ ಗೊತ್ತಾ? ನಂಗೆ ಗೊತ್ತಾ? ಈ ರೂಮಲ್ಲಿ ಯಾರಿಗಾದ್ರೂ ಗೊತ್ತಾ? ಉಚ್ಚಾರನೇ ಗೊತ್ತಿಲ್ದಿದ್ದ ಮೇಲೆ ನಮ್ಮ ಪಾಲಿಗೆ ಇದು ಚಿತ್ರ. ಚಿತ್ರ ಆದ್ರೆ ಜೋಡಿ ಹಾಕ್ಬೇಕು. ಇನ್ನೊಂದು, ಇರೋದೆಲ್ಲಿ? ಕುಂಡಿ ಮೇಲೆ. ಅಲ್ಲಿರೋದನ್ನ ಯಾರು ಓದ್ತಾರೆ?’

‘ಓದೋರು ಅದಾರವ್ವ’ ಅಂದಳು ಪಕ್ಕದ ಅಕ್ಕ. ‘ಗಂಡಸರು ಅದನ್ನ ಓದಿಕೋಂತನ ಬಸ್‌ಸ್ಟ್ಯಾಂಡ್ ತನಕ ಹಿಂದ ಬರ್ತಾರ.’

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ‘ಒಂದ್ಸಲ ನಾನು ಯಾರದೋ ಮಗೀಗೆ ಹೆಸರು ಹೊಲಿದಿದ್ದೆ, ನೆಪ್ಪೈತಾ? ಅವ್ರು ಕನ್ನಡದಾಗೆ ಅಂದಿದ್ರು. ಮಾಸ್ಟರು ತೆಲುಗಿಂದು ತಲೆಕಟ್ಟು ಹಾಕಿ ಬರ್ಕೊಟ್ಟಿದ್ರು. ಇಷ್ಟೇ ಇಷ್ಟು ಗೀಟು ಬೇರೆ. ಬಟ್ಟೆ ವಾಪಸ್ ಬಂತು.’

ನಮ್ಮ ಗಡಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಬಳುಕು ಎರಡೂ ಲಿಪಿಗೆ ಬಹುತೇಕ ಒಂದೇ. ತಲೆಯ ಮೇಲೆ ಅಡ್ಡ ಎಳೆದು ಬಗ್ಗಿಸಿದರೆ ಕನ್ನಡ, ಸರಿ ಗುರುತಿನ ಹಾಗೆ ಚಿಮ್ಮಿಸಿದರೆ ತೆಲುಗು. ಉಗುರಿನಷ್ಟು ಗೆರೆಯಲ್ಲಿ ಕನ್ನಡ ಸ್ಕೂಲು ತೆಲುಗು ಸ್ಕೂಲಾಗುತ್ತದೆ. ಓದಲು ಬಾರದ ಹೆಂಗಸು ಕೊಟ್ಟ ಈ ಪುರಾವೆ ಆ ಇಡೀ ಚರ್ಚೆಯ ಗಟ್ಟಿ ಪುರಾವೆ. ನಾನು ಮಾಡಿದ್ದೇನು? ‘ಒಂದು ಉದಾಹರಣೆ ಕೊಟ್ರೆ ನಿಯಮ ಆಗಲ್ಲ’ ಅಂದು, ಸೀಮೆಸುಣ್ಣದಿಂದ ಮೇಜಿನ ಮೇಲೆ ದೊಡ್ಡದಾಗಿ ಒಂದು ಠ ಬರೆದೆ.

‘ಇದನ್ನ ಮಗುಚಿದ್ರೆ ಏನಾಗುತ್ತೆ? ಠ. ಈ ಕಡೆಯಿಂದ್ಲೂ ಠ, ಆ ಕಡೆಯಿಂದ್ಲೂ ಠ. ಈ ಚೀನಾದ್ದೂ ಹಂಗೇ. ಎರಡು ಕಾಲು ಅಗಲಿಸಿ ನಿಂತಂಗೆ ಐತೆ. ಮುಂದಿಂದ ನೋಡಿದ್ರೇನು, ಹಿಂದಿಂದ ನೋಡಿದ್ರೇನು?’

ಚಿಕ್ಕಮ್ಮ ಠ ನೋಡಿದಳು. ‘ತಲೆ ಮೇಲಿನ ಕೊಕ್ಕೆ ಆ ಕಡೆಗೆ ಹೋಗಲ್ವಾ?’ ಅಂದಳು.

‘ಹೋಗ್ಲಿ ಬಿಡು. ಓದೋಕಾಗುತ್ತಲ್ಲ. ಹೇಮಾವತಿ ಗುಡಿ ಹತ್ರ ಕಲ್ಲಿನ ಮೇಲೆ ಬರೆದವ್ರೆ, ಅದು ಹಳೇ ಕನ್ನಡನಂತೆ, ಡಿಗ್ರಿ ಓದಿರೋ ನಂಗೇ ಒಂದಕ್ಷರ ಬರಲ್ಲ. ಓದೋಕೆ ಬರ್ದಿದ್ದ ಮೇಲೆ ಅಕ್ಷರನೂ ಒಂದೇ, ಬಳ್ಳಿನೂ ಒಂದೇ.’

‘ನಿಂಗೆ ಓದೋಕೆ ಬರಲ್ಲ ಅಂದ್ರೆ ಅದು ಅಕ್ಷರ ಅಲ್ಲ ಅಂತ ಆಗುತ್ತಾ?’

ನಾನು ಠ ಪಕ್ಕ ಇನ್ನೊಂದು ಅಕ್ಷರ ಬರೆಯಲು ಸೀಮೆಸುಣ್ಣ ಎತ್ತಿದೆ. ಅಷ್ಟರಲ್ಲಿ ಕರೆಂಟು ಬಂತು. ಆರು ಮಿಷಿನ್ನೂ ಒಟ್ಟಿಗೆ ಗುರ್ ಅಂದವು, ಯಾರ ಮಾತೂ ಯಾರಿಗೂ ಕೇಳದ ಹಾಗಾಯಿತು. ಮೂರು ಗಂಟೆಗೆ ಹೊಲಿಗೆ ಲೈನಿನವರು ಬಂದು ಜೇಬು ಒಯ್ಯಬೇಕು. ಪ್ಯಾಂಟಿಗೆ ಸೇರಿಸಿ, ಅವತ್ತೇ ಸಂಜೆ ವಾಶಿಂಗಿಗೆ ಬಳ್ಳಾರಿಗೆ ಹಾಕಬೇಕು. ನಾನು ತಿರುವಿದ ಖಾಕಾ ಇಟ್ಟು ಉಜ್ಜಿದೆ. ಚಿಕ್ಕಮ್ಮ ಒಂದು ಸಲ ನನ್ನ ಮುಖ ನೋಡಿ, ಮಂಡಿ ಸಲಾಕೆಗೆ ತಾಗಿಸಿದಳು. ಕಪ್ ಗೆದ್ದ ದಿನದ್ದೇ ಖುಷಿ ನನಗೆ. ಸುಳ್ಳು ಯಾಕೆ ಹೇಳಲಿ.

ಒಂದು ಗಂಟೆಯ ಹೊತ್ತಿಗೆ ಬಲ ಜೇಬು ನಲವತ್ತೂ ಆಗಿದ್ದವು. ಊಟದ ಡಬ್ಬಿ ಬಿಚ್ಚಿದೆವು. ಪಕ್ಕದ ಅಕ್ಕ ರೊಟ್ಟಿ ಮುರಿಯುತ್ತಾ ನನ್ನ ಕಡೆ ತಿರುಗಿದಳು.

‘ಅಲ್ಲವ್ವ, ಬೆಳಿಗ್ಗೆ ಅಷ್ಟು ಮಾತಾಡಿದಿ. ಅದರ ಅರ್ಥ ಏನು, ಹೇಳು ಮತ್ತ.’

‘ಅರ್ಥ ಇದ್ರೇನು ಇಲ್ದಿದ್ರೇನು.’

‘ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅನ್ನಾಕ ಬಾಯಿ ನೋಯತೈತೇನು?’

ನೋಯುತ್ತಿತ್ತು. ಅದಕ್ಕೇ ಫೋನ್ ತೆಗೆದೆ. ಕೀಬೋರ್ಡಿಗೆ ಚೀನಾ ಭಾಷೆ ಸೇರಿಸಿದರೆ ಬೆರಳಿನಿಂದ ಬರೆಯೋಕೆ ಒಂದು ಖಾಲಿ ಜಾಗ ಬರುತ್ತದೆ ಅಂತ ಎಲ್ಲೋ ನೋಡಿದ್ದೆ. ಬಂತು. ಬರೆದೆ. ಹೇಗೆ ಬರೆದೆ ಅಂದರೆ, ಕನ್ನಡದವರು ಹೇಗೆ ಬರೆಯುತ್ತಾರೋ ಹಾಗೆ. ಎಡಗಡೆ ಕೆಳಗಿಂದ ಶುರು ಮಾಡಿ, ಮೇಲಕ್ಕೆ ಹತ್ತಿ, ಬಲಕ್ಕೆ ಇಳಿದು, ಬೆರಳು ಎತ್ತದೆ. ಒಂದನೇ ಕ್ಲಾಸಿನಲ್ಲಿ ನಡುವೆ ಕೈ ಎತ್ತಿದರೆ ಗೆಣ್ಣಿಗೆ ಬೀಳುತ್ತಿತ್ತು. ಅಕ್ಷರ ಅಂದರೆ ಒಂದೇ ಉಸಿರಿನಲ್ಲಿ ಸುತ್ತಿ ಬರಬೇಕು, ನಮ್ಮ ಲೆಕ್ಕ ಅದು.

ಫೋನು ಒಂದು ಅಕ್ಷರ ಕೊಡಲಿಲ್ಲ. ಸಾಲಾಗಿ ಮೂರು ಕೊಟ್ಟು, ಯಾವುದು ಬೇಕು ಆರಿಸಿಕೋ ಅಂತ ಕೂತಿತು.

人　入　八

ನಾನು ಮೊದಲನೆಯದನ್ನೂ ಎರಡನೆಯದನ್ನೂ ನೋಡಿದೆ. ಎರಡೂ ಒಂದೇ ಅಂದುಕೊಂಡೆ. ಆಮೇಲೆ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ತಲೆಯಿಂದ ಇಳಿಯೋ ಗೆರೆ ಎಡಕ್ಕೆ ಹೋಗುತ್ತದೆ, ಬಲಗಾಲು ಅದಕ್ಕೆ ಒರಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ತಲೆಯಿಂದ ಇಳಿಯೋ ಗೆರೆ ಬಲಕ್ಕೆ, ಎಡಗಾಲು ಒರಗಿದೆ. ಕನ್ನಡಿಯಲ್ಲಿ ಕಂಡ ಹಾಗೆ. ಖಾಕಾ ತಿರುವಿದ ಹಾಗೆ.

ಒಂದೊಂದನ್ನೇ ಒತ್ತಿ ಅರ್ಥ ಕೇಳಿದೆ. 人, ಮನುಷ್ಯ. 入, ಒಳಗೆ ಹೋಗು.

ಡಬ್ಬಿ ಪಕ್ಕಕ್ಕೆ ಸರಿಸಿ ಎದ್ದೆ. ಮೇಜಿನ ಮೇಲೆ ಎರಡು ಕಟ್ಟು ಇದ್ದವು. ಎಡಗಡೆಯದರಲ್ಲಿ ನಲವತ್ತು ಮನುಷ್ಯರು. ಬಲಗಡೆಯದರಲ್ಲಿ, ನನ್ನ ವಾದದ ಪ್ರಕಾರ, ಅವರ ಜೋಡಿ.

ಈ ಹೊತ್ತಿನಲ್ಲಿ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಬರೆದಿಡಬೇಕು, ಯಾಕೆಂದರೆ ನನಗೆ ಅದರ ಮೇಲೆ ಇನ್ನೂ ಸಿಟ್ಟಿದೆ. ಮೊದಲು ಬಂದದ್ದು ಚಿಕ್ಕಮ್ಮನ ಯೋಚನೆಯಲ್ಲ. ‘ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ.’ ‘ಮಾಸ್ಟರ್ ಇರಲಿಲ್ಲ.’ ‘ಜೋಡಿ ಹಾಕೋದು ಇಲ್ಲಿನ ಪದ್ಧತಿ.’ ‘ಯಾರೂ ಓದೋದಿಲ್ಲ.’ ಅರ್ಧ ನಿಮಿಷದಲ್ಲಿ ನಾಲ್ಕು ಅಂಶ, ಕ್ರಮವಾಗಿ, ಸಮಾರೋಪಕ್ಕೆ ಜಾಗ ಬಿಟ್ಟು. ಸುಮ್ಮನಿದ್ದರೆ ಮೂರು ಗಂಟೆಗೆ ಜೇಬುಗಳು ಹೋಗುತ್ತವೆ, ಬಳ್ಳಾರಿಯಲ್ಲಿ ಯಾರಿಗೂ ತಿಳಿಯದೆ ಹೋಗಬಹುದು. ತಿಳಿದರೆ? ಹೊಲಿದ ಕೈ ಯಾರದು ಅಂತ ಕೇಳುತ್ತಾರೆ. ಖಾಕಾ ಯಾರು ತಿರುವಿದರು ಅಂತ ಕೇಳೋದಿಲ್ಲ.

ಚಿಕ್ಕಮ್ಮನಿಗೆ ಫೋನ್ ತೋರಿಸಿದೆ. ಪಿಸುಮಾತಿನಲ್ಲಿ ಹೇಳಬೇಕು ಅಂದುಕೊಂಡಿದ್ದೆ, ದನಿ ಜೋರಾಗೇ ಬಂತು. ಅವಳು ಪರದೆ ನೋಡಿದಳು, ಕಟ್ಟಿನಿಂದ ಎರಡು ಜೇಬು ಎಳೆದು ಅಕ್ಕಪಕ್ಕ ಇಟ್ಟಳು.

‘ಹಂಗಾದ್ರೆ ಇದು ಬೇರೆ ಅಕ್ಷರ.’

‘ಹೂಂ. ಒಳಗೆ ಹೋಗು ಅಂತ.’

ಪಕ್ಕದ ಅಕ್ಕ ಕತ್ತು ಚಾಚಿದ್ದಳು. ‘ಈ ಕಡಿಗೆ ಮನುಷ್ಯ, ಆ ಕಡಿಗೆ ಒಳಗ ಹೋಗು. ಹಂಗಾರ ಮನುಷ್ಯ ಒಳಗ ಹೋದ ಅನ್ರಿ’ ಅಂದಳು. ಈ ಸಲ ಯಾರೂ ನಗಲಿಲ್ಲ.

‘ಚಿಕ್ಕಮ್ಮ, ನಾನು ಸಾರ್ ಹತ್ರ ಹೋಗಿ ಮಾತಾಡ್ತೀನಿ. ಹೆಂಗೆ ಹೇಳ್ಬೇಕು ಅಂತ ನಂಗೆ ಗೊತ್ತು. ಮೊದಲು ಚೀಟಿ ತೋರ್ಸಿ…’

‘ನೀನು ಬಾಯಿ ಮುಚ್ಕೊಂಡು ಕೂತ್ಕೋ. ಮಾತಾಡಿ ಮಾತಾಡೇ ಇಲ್ಲಿಗೆ ಬಂದಿರೋದು.’

ನನ್ನ ಜೀವಮಾನದಲ್ಲಿ ಅವಳು ನನಗೆ ಹಾಗೆ ಅಂದದ್ದು ಅದೊಂದೇ ಸಲ. ಡಬ್ಬಿ ಮುಚ್ಚಿ ಕೈ ತೊಳೆದು ಬಂದಳು. ತಪ್ಪು ಜೇಬನ್ನು ಕಿಟಕಿ ಬೆಳಕಿಗೆ ಹಿಡಿದು ಬೆರಳಿನಿಂದ ಗೆರೆ ಸವರಿದಳು. ‘ಇದನ್ನ ಬರೆಯೋದು ಹೆಂಗೆ? ದಾರ ಎಲ್ಲಿಂದ ಹೊಂಟೈತೆ?’

ಫೋನಿನಲ್ಲಿ ಬರೆಯೋ ಕ್ರಮ ಹುಡುಕಿದೆ. ಮೊದಲು ತಲೆಯಿಂದ ಎಡಕ್ಕೆ, ಕೆಳಗೆ. ಕೈ ಎತ್ತಬೇಕು. ಆಮೇಲೆ ಆ ಗೆರೆಯ ಮೇಲ್ಭಾಗದಿಂದ, ತಲೆಯಿಂದಲ್ಲ, ಬಲಕ್ಕೆ. ನಾನು ಬೆರಳಿನಿಂದ ಬರೆದೆ. ಕೈ ಎತ್ತೋದು ಮರೆತೆ. ಮತ್ತೆ ಬರೆದೆ. ಮತ್ತೆ ಫೋನು ಮೂರು ಅಕ್ಷರ ಮುಂದಿಟ್ಟಿತು. ಒಂದನೇ ಕ್ಲಾಸಿನ ಅಭ್ಯಾಸ ಬೆರಳಿನ ತುದಿಯಲ್ಲಿ ಕೂತಿತ್ತು. ಚಿಕ್ಕಮ್ಮ ನೋಡುತ್ತಿದ್ದವಳು ನನ್ನ ಬೆರಳು ಹಿಡಿದು, ಎಡಗೆರೆ ಮುಗಿಯುತ್ತಲೇ ಮೇಲಕ್ಕೆ ಎತ್ತಿದಳು, ಸೂಜಿ ಎತ್ತಿದ ಹಾಗೆ. ‘ಇಲ್ಲಿ ದಾರ ಕತ್ತರ್ಸು. ಈಗ ಇಲ್ಲಿಂದ ಹೊಸದು.’ ಆಗ 人 ಬಂದು ಸಾಲಿನ ಮೊದಲಲ್ಲಿ ನಿಂತಿತು. ಹಾಗೆ ನಾನು ಆ ಅಕ್ಷರ ಬರೆಯೋದು ಕಲಿತೆ. ಕಲಿಸಿದವಳು ಅದನ್ನು ಎಂದೂ ಬರೆದಿರಲಿಲ್ಲ.

‘ಪೂರ್ತಿ ಬಿಚ್ಚೋದು ಬೇಡ’ ಅಂದಳು ಅವಳು. ‘ತಲೆ ಒಂದೇ ತಪ್ಪು. ತಲೆ ಬಿಚ್ಚಿ ಈ ಕಡೆಗೆ ವಾಲ್ಸಿದ್ರೆ ಆಯ್ತು.’

ನಿಜ. ತಪ್ಪಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಬಲಗೆರೆಯ ತಲೆ ಬಿಚ್ಚಿ, ಎಡಗೆರೆಯನ್ನು ಅಲ್ಲಿಗೆ ಹತ್ತಿಸಬೇಕು. ಬಿಚ್ಚಿದ ತೂತು ವಾಶಿಂಗಿನಲ್ಲಿ ಮುಚ್ಚಿಕೊಳ್ಳುತ್ತವೆ, ಜೀನ್ಸ್ ಬಟ್ಟೆಯ ಗುಣ ಅದು. ವಾಶಿಂಗ್ ಆದ ಮೇಲೆ ಬಿಚ್ಚಿದರೆ ಮಾತ್ರ ಗಾಯದ ಹಾಗೆ ಉಳಿಯುತ್ತದೆ. ಅಂದರೆ ಮೂರು ಗಂಟೆಯೊಳಗೆ. ಗೋಡೆ ಗಡಿಯಾರದಲ್ಲಿ ಒಂದೂವರೆ.

ನಾನು ಬ್ಲೇಡಿನ ತುದಿಯಿಂದ ಹಿಂಬದಿಯ ದಾರ ಕೊಯ್ದು, ಮುಂದಿನಿಂದ ಕೆಂಪು ಎಳೆ ಕೀಳಬೇಕು. ಅವಳು ಹೊಲಿಯಬೇಕು. ಜೋರಾಗಿ ಕೊಯ್ದರೆ ಬಟ್ಟೆಯೇ ಹರಿಯುತ್ತದೆ, ಹೆಚ್ಚಿಗೆ ಬಟ್ಟೆ ಕತ್ತರಿಸಿಟ್ಟಿರಲಿಲ್ಲ. ಮೊದಲನೇ ಜೇಬಿಗೆ ಐದು ನಿಮಿಷ ಹಿಡಿಯಿತು. ನಲವತ್ತು ಐದಲಿ ಎಷ್ಟು ಅಂತ ತಲೆ ಲೆಕ್ಕ ಹಾಕತೊಡಗಿತು. ಹಾಕಬೇಡ ಅಂದರೂ ಕೇಳಲಿಲ್ಲ. ಆಮೇಲೆ ಮೂರು ನಿಮಿಷಕ್ಕೆ ಬಂತು. ಪ್ರತಿ ಮೂರು ನಿಮಿಷಕ್ಕೂ ನನ್ನ ಕಿವಿಯಲ್ಲಿ ಚರ್ಚಾಸ್ಪರ್ಧೆಯ ಗಂಟೆ. ಚಿಕ್ಕಮ್ಮ ಮುಗಿಸಿದ ಒಂದೊಂದನ್ನೂ ನನ್ನ ಕಡೆ ನೂಕಿ ಹುಬ್ಬು ಏರಿಸುತ್ತಿದ್ದಳು. ನಾನು ಗೆರೆಯ ಮೇಲೆ ಬೆರಳಾಡಿಸಿ, ತಲೆಯಿಂದ ಎಡಕ್ಕೆ, ಎತ್ತು, ಬಲಕ್ಕೆ, ತಲೆಯಾಡಿಸುತ್ತಿದ್ದೆ.

ಸಾವ್ಕಾರ್ರು ಎರಡೂವರೆಗೇ ಬಂದರು. ಇಪ್ಪತ್ತು ಜೇಬು ಇನ್ನೂ ಹಾಗೇ ಇದ್ದವು.

‘ಏಮ್ಮಾ, ಆಯ್ತೇನು?’ ಅವರು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು.

ಚಿಕ್ಕಮ್ಮ ಎದ್ದು ನಿಂತಳು. ನಾನು ಬ್ಲೇಡನ್ನು ಅಂಗೈಯಲ್ಲಿ ಮುಚ್ಚಿದೆ. ಒಂದು ಕ್ಷಣ, ಮುಚ್ಚಿಹಾಕಬಹುದು ಅನ್ನಿಸಿತು. ‘ಸ್ವಲ್ಪ ಫಿನಿಶಿಂಗ್ ಐತೆ ಸಾರ್’ ಅಂದಿದ್ದರೆ ನಡೆದುಹೋಗುತ್ತಿತ್ತು.

‘ಅವರಿಬ್ಬರೂ ಬಿಚ್ಚಾಕತ್ಯಾರ್ರಿ’ ಅಂದಳು ಪಕ್ಕದ ಅಕ್ಕ, ಮಿಷಿನ್ನಿನಿಂದ ಕಣ್ಣು ತೆಗೆಯದೆ. ‘ಊಟ ಆದಾಗಿಂದ ಬಿಚ್ಚಾಕತ್ಯಾರ. ಯಾಕಂತ ಕೇಳ್ರಿ.’

ನಾನು ಅವಳನ್ನು ಆ ಹೊತ್ತು ದ್ವೇಷಿಸಿದೆ. ಈಗ ಯೋಚಿಸಿದರೆ ಅವಳ ಪರವಾಗಿಯೂ ಮೂರು ನಿಮಿಷ ಮಾತಾಡಬಲ್ಲೆ. ಇದ್ದದ್ದು ಒಂದೇ ಸೀಟು, ಅವಳೂ ಅದರ ಮೇಲೆ ಕಣ್ಣಿಟ್ಟವಳೇ, ಮತ್ತೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸಾವ್ಕಾರ್ರು ಬಿಚ್ಚಿದ ಒಂದು ಜೇಬು ಎತ್ತಿಕೊಂಡರು. ತೂತುಗಳ ಮೇಲೆ ಉಗುರು ಆಡಿಸಿದರು. ‘ಏನಾಗೇತಿ?’

‘ಬಲಗಡೇವು ತಪ್ಪಾಗವೆ. ಸರಿ ಮಾಡ್ತಿದೀನಿ’ ಅಂದಳು ಚಿಕ್ಕಮ್ಮ.

‘ಏನು ತಪ್ಪು? ಜೋಡಿ ಬಂದಾವಲ್ಲ, ಸರಿಯಾಗೇ ಅದಾವು.’

‘ಜೋಡಿ ಬರಬಾರದು. ಇದು ಅಕ್ಷರ. ತಿರುವಿದ್ರೆ ಬೇರೆ ಅಕ್ಷರ ಆಗುತ್ತೆ.’

‘ನಿನಗ ಯಾವಾಗಿಂದ ಚೀನಾದ್ದು ಬಂತವ್ವ?’ ದನಿಯಲ್ಲಿ ತಮಾಷೆ ಇರಲಿಲ್ಲ. ಅವರು ಮೇಜಿನ ಮೇಲಿದ್ದ ಎಡ ಜೇಬುಗಳಲ್ಲಿ ಒಂದು ಹಿಡಿ, ಇನ್ನೂ ಬಿಚ್ಚದ ಬಲ ಜೇಬುಗಳಲ್ಲಿ ಒಂದು ಹಿಡಿ ತೆಗೆದುಕೊಂಡು, ಇಸ್ಪೀಟು ಕಲಸಿದ ಹಾಗೆ ಕಲಸಿದರು. ಆ ಜೇಬುಗಳ ಆಕಾರ ಎಡಕ್ಕೂ ಬಲಕ್ಕೂ ಒಂದೇ, ಅಂಚು ನೋಡಿ ಹೇಳಲಾಗದು. ‘ಬೇರೆ ಮಾಡು ನೋಡೋಣ.’

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. ಮೇಜಿನ ಮೇಲೆ ಬಾಗಿದಳು. ಊರಿನಲ್ಲಿ ತಟ್ಟೆ ತುಂಬ ರೇಷ್ಮೆ ಹುಳದ ನಡುವೆ ಗೂಡು ಕಟ್ಟಲು ಹಣ್ಣಾದ ಹುಳ ಆರಿಸುವಾಗ ಅವಳ ಕೈ ಹೇಗೆ ಹೋಗುತ್ತಿತ್ತೋ ಹಾಗೆ ಹೋಯಿತು. ಎಣಿಸೋದಿಲ್ಲ, ನಿಲ್ಲೋದಿಲ್ಲ, ಮುಟ್ಟಿದ್ದು ಈ ಕಡೆ, ಮುಟ್ಟಿದ್ದು ಆ ಕಡೆ. ಎರಡು ಗುಡ್ಡೆಯಾಯಿತು. ಸಾವ್ಕಾರ್ರು ಮಾದರಿ ಜೇಬು ಹಿಡಿದು ಒಂದೊಂದಕ್ಕೂ ಹೋಲಿಸಿದರು. ಎಷ್ಟು ಹೊತ್ತು ಹಿಡಿಯಿತೋ. ಮಿಷಿನ್ನುಗಳು ಒಂದೊಂದಾಗಿ ನಿಂತದ್ದು ಮಾತ್ರ ನೆನಪಿದೆ. ಒಂದೂ ತಪ್ಪಿರಲಿಲ್ಲ.

‘ಇಷ್ಟು ಗೊತ್ತಿದ್ದಾಕಿ ಬೆಳಿಗ್ಗೆ ಯಾಕ ತಿರುವಿದಿ?’

‘ನಾನೇ ತಿರುವಿದ್ದು’ ಅಂದಳು ಚಿಕ್ಕಮ್ಮ. ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ನನ್ನ ಅಂಶಗಳು ಮತ್ತೆ ಸಾಲಾಗಿ ಬಂದು ನಿಂತವು: ಚೀಟಿ, ಮಾಸ್ಟರು, ಪದ್ಧತಿ, ನಾಲ್ಕನೆಯದಾಗಿ ಈಗ ಕರೆಂಟು. ನಾಲ್ಕೂ ನಿಜ. ಅವುಗಳಲ್ಲಿ ಯಾವುದನ್ನು ಹೇಳಿದರೂ ಕೊನೆಗೆ ಭಾರ ಚಿಕ್ಕಮ್ಮನ ಮಂಡಿಯ ಮೇಲೇ ಬೀಳುತ್ತಿತ್ತು.

‘ಅವಳು ಬೇಡ ಅಂದ್ಲು ಸಾರ್. ನಾನು ತಿರುವ್ಸಿದೆ. ತಪ್ಪು ನಂದು’ ಅಂದ್ಬಿಟ್ಟೆ. ಅದಕ್ಕೆ ಮುಂದೆ ಹಿಂದೆ ಏನೂ ಸೇರಿಸಲಿಲ್ಲ. ಇಷ್ಟು ಚಿಕ್ಕ ಭಾಷಣ ನಾನು ಎಲ್ಲೂ ಮಾಡಿರಲಿಲ್ಲ.

ಸಾವ್ಕಾರ್ರು ನನ್ನನ್ನು ಒಂದು ಸಲ ನೋಡಿದರು. ‘ಲೈನಿಗೆ ನಾಲ್ಕಕ್ಕ ಬಾ ಅಂತೀನಿ. ಮುಗಿಸ್ರಿ’ ಅಂದು ಹೋದರು. ಸೀಟಿನ ಮಾತು ಎತ್ತಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೊನೆಯ ಜೇಬು ಮುಗಿಯಿತು. ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಅಲ್ಲೇ ಕೂತಳು.

ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹೊಸ್ತಿಲ ಮುಂದೆ ಕೂತಿದ್ದಳು. ರಂಗೋಲಿ ಹಾಕಿ ಮುಗಿಸಿ, ಪಕ್ಕದಲ್ಲಿ ಅದೇ ಪುಡಿಯಲ್ಲಿ ಎರಡು ಗೆರೆ. ಮೊದಲನೆಯದು ಒಂದೇ ಎಳೆತದಲ್ಲಿ, ರಂಗೋಲಿ ಹಾಗೆ. ಅಳಿಸಿದ್ದಳು. ಎರಡನೆಯದರಲ್ಲಿ ಕೈ ಎತ್ತಿದ್ದಳು.

‘ಸರಿ ಐತಾ?’

‘ಐತೆ.’

‘ನನ್ನ ಹೆಸರು ಹಿಂಗೆ ಎರಡು ಗೀಟಲ್ಲಿ ಬರಲ್ವಾ?’

‘ಬರಲ್ಲ. ಜಾಸ್ತಿ ಬೇಕು. ಕಲಿಸ್ಲಾ?’

‘ಬೇಡ ಬಿಡು. ಇದು ಸಾಕು.’ ಪುಡಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಸೀಟು ಅವಳಿಗೆ ಸಿಕ್ಕಿತು. ಅದರ ಜೊತೆಗೆ ಒಂದು ಮಾತು: ‘ಆ ಹುಡುಗಿ ಈ ರೂಮಿನಾಗ ಬ್ಯಾಡ.’ ನನ್ನನ್ನು ದಾರ ಕತ್ತರಿಸೋ ಶೆಡ್ಡಿಗೆ ಹಾಕಿದರು. ಆ ಸಂಜೆ ಅನ್ನ ಬಡಿಸುವಾಗ ಕೇಳಿದೆ, ‘ನನ್ನ ಪರವಾಗಿ ಏನೂ ಹೇಳ್ಲಿಲ್ವಾ ನೀನು?’

‘ಏನಂತ ಹೇಳ್ಲಿ? ಅವ್ರು ಹೇಳಿದ್ದು ಸರೀಗೈತೆ.’ ಸಾರು ಹಾಕಿದಳು. ‘ಉಣ್ಣು.’

ಶೆಡ್ಡಿನಲ್ಲಿ ಚಾಪೆಯ ಮೇಲೆ ನನ್ನ ಪಕ್ಕಕ್ಕೆ ಕೂತವಳು ಯಾರು ಅಂತ ಹೇಳಬೇಕಾಗಿಲ್ಲ. ಆರರಲ್ಲಿ ಒಬ್ಬರು ಉಳಿದರೆ ಐವರು ಇಲ್ಲಿಗೇ ಬರಬೇಕು. ಮೊದಲ ವಾರ ಆ ಅಕ್ಕನೂ ನಾನೂ ಬೆನ್ನಿಗೆ ಬೆನ್ನು ಹಾಕಿ ದಾರ ಕತ್ತರಿಸಿದೆವು. ಎರಡನೇ ವಾರ ಅವಳೇ ಮಾತು ಶುರು ಮಾಡಿದಳು: ‘ವಾದ ಮಾಡಿ ಇಬ್ಬರನ್ನೂ ಒಂದ ಚಾಪಿಗೆ ತಂದಿ ನೋಡು.’ ನನಗೆ ನಗು ಬಂತು, ತಡೆದುಕೊಳ್ಳಲಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ದಿನ ಸ್ಯಾಂಪಲ್ ಜೇಬಿನ ಕಟ್ಟೊಂದರ ಜೊತೆ ಒಂದು ಖಾಕಾ ತಪ್ಪಿ ನಮ್ಮ ಶೆಡ್ಡಿಗೆ ಬಂತು. ಗುಲಾಬಿ ಬಳ್ಳಿ, ಚಿಕ್ಕಮ್ಮನ ಕೈ. ಹಾಳೆಯ ಮೇಲ್ಮೂಲೆಯಲ್ಲಿ ಡಿಸೈನಿಗೆ ಸಂಬಂಧವೇ ಇಲ್ಲದ ಒಂದಿಷ್ಟು ತೂತುಗಳು. ಬೆಳಕಿಗೆ ಹಿಡಿದೆ. ಕಡಲೆಬೀಜದಷ್ಟು ಸಣ್ಣ 人. ಹಾಳೆಯ ಯಾವ ಮಗ್ಗುಲು ಮುಂದು, ಯಾವುದು ಹಿಂದು ಅಂತ ತಿಳಿಯೋಕೆ ಹಾಕಿದ ಗುರುತು. ಅದಕ್ಕೆ ಇದಕ್ಕಿಂತ ಒಳ್ಳೆಯ ಅಕ್ಷರ ಸಿಗೋದಿಲ್ಲ. ಠ ಹಾಕಿದ್ದರೆ ಹಾಳೆ ಮಗುಚಿದ್ದು ಬೇಗ ತಿಳಿಯುತ್ತಲೇ ಇರಲಿಲ್ಲ. ಖಾಕಾ ಉಜ್ಜಲು ಬಂದ ಹೊಸ ಹುಡುಗಿಗೆ ಅವಳು ಹೀಗೇ ಕೇಳುತ್ತಾಳಂತೆ: ‘ಮನುಷ್ಯ ಹೊರಗೆ ಅವ್ನಾ, ಒಳಗೆ ಹೋದ್ನಾ?’ ಹೊರಗಿದ್ದರೆ, ಅಂದರೆ 人 ಕಂಡರೆ, ಎಡ ಜೇಬು. ಒಳಗೆ ಹೋಗಿದ್ದರೆ, 入 ಕಂಡರೆ, ಬಲ ಜೇಬು. ಅಕ್ಷರ ಬರೆಯೋ ಕೆಲಸವಾದರೆ ಅವನು ಹೊರಗೇ ಇರಬೇಕು.

ನಾನು ಹಾಳೆ ಮಗುಚಿದೆ. ಒಳಗೆ ಹೋದ. ಮತ್ತೆ ಮಗುಚಿದೆ. ಹೊರಗೆ ಬಂದ.

‘ಏನವ್ವ, ಹಾಳಿ ಜೋಡಿನೂ ವಾದ ಮಾಡಾಕತ್ತಿಯೇನು?’ ಅಂದಳು ಪಕ್ಕದ ಅಕ್ಕ.

‘ಇಲ್ಲ’ ಅಂದೆ. ಮನುಷ್ಯ ಹೊರಗೆ ಕಾಣುವ ಹಾಗೆ ಹಾಳೆಯನ್ನು ಕಟ್ಟಿನ ಮೇಲಿಟ್ಟು, ಚಿಕ್ಕಮ್ಮನ ರೂಮಿಗೆ ಕಳಿಸಿಕೊಟ್ಟೆ.